ಘಾಟಿಯ ಬೋರ್ಡುಗಳು ಯಾರಿಗಾಗಿ?

ಘಾಟಿ ರಸ್ತೆಯಲ್ಲಿ ಬೋರ್ಡ್ ಓದೋಕೆ ಪುರುಸೊತ್ತಿರೋದು ಡ್ರೈವರ್ ಪಕ್ಕದಲ್ಲಿ ಕೂತವರಿಗೆ ಮಾತ್ರ. ಸ್ಟೇರಿಂಗ್ ಹಿಡಿದವರ ಕಣ್ಣೆಲ್ಲ ಎದುರಿಂದ ಬರೋ ಮಿನಿಬಸ್ಸಿನ ಮೇಲೆ. ಈಚೆಗೆ ಉಡುಪಿಯಿಂದ ತೀರ್ಥಹಳ್ಳಿಗೆ ಆಗುಂಬೆ ಮೇಲೆ ಹೋಗುವಾಗ ಭಾವ ಕಾರು ಓಡಿಸ್ತಿದ್ರು, ನಾನು ಬೋರ್ಡ್ ಓದ್ತಿದ್ದೆ. ಹೆಬ್ರಿ ದಾಟಿ ಸೋಮೇಶ್ವರ ಬರುವಷ್ಟರಲ್ಲಿ ಒಂದು ಅನುಮಾನ ಹುಟ್ಟಿತ್ತು, ಆಗುಂಬೆ ಚೆಕ್‌ಪೋಸ್ಟ್ ಬಂದಾಗ ಅದು ಅಭಿಪ್ರಾಯ ಆಗಿತ್ತು. ನಮ್ಮ ಘಾಟಿಗಳಲ್ಲಿ ಬುದ್ಧಿ ಹೇಳುವ, ಹೆದರಿಸುವ ಬೋರ್ಡುಗಳಿಗೆ ಬರ ಇಲ್ಲ. ಈಗ ಏನು ಮಾಡಬೇಕು ಅಂತ ಹೇಳೋ ಬೋರ್ಡುಗಳು ಮಾತ್ರ ಹುಡುಕಿದರೂ ಸಿಗಲ್ಲ.

'ಅವಸರವೇ ಅಪಘಾತಕ್ಕೆ ಕಾರಣ.' ಒಪ್ಪಿದೆ. ಆದರೆ ತಿರುವಿನ ಮಧ್ಯದಲ್ಲಿ ಕ್ಲಚ್ಚು, ಗೇರು, ಹಾರ್ನು ಎಲ್ಲ ಒಟ್ಟಿಗೆ ನೋಡ್ಕೊಳ್ತಿರೋ ಮನುಷ್ಯನಿಗೆ ಸುಭಾಷಿತ ಓದಿಸಿ ಏನು ಉಪಯೋಗ? ಲಡಾಖಿನ ಕಡೆ ಗಡಿ ರಸ್ತೆ ಸಂಸ್ಥೆಯವರ 'ಹಿಮಾಂಕ್' ಯೋಜನೆಯ ಪ್ರಾಸಬದ್ಧ ಬೋರ್ಡುಗಳಿವೆ, ದೇಶವೆಲ್ಲ ಅವುಗಳ ಫೋಟೋ ಹಂಚಿಕೊಳ್ಳುತ್ತೆ. ಅವು ನಗಿಸಿ ನಿದ್ದೆಯಾದರೂ ಓಡಿಸ್ತಾವೆ. ನಮ್ಮವು ಶಾಲೆಯ ಗೋಡೆಬರಹ.

ಹಾಗಂತ ಎಲ್ಲವೂ ದಂಡ ಅಲ್ಲ. 169ಎ ಅನ್ನೋ ಹೆದ್ದಾರಿ ಸಂಖ್ಯೆಯನ್ನೇ ತಗೊಳ್ಳಿ. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟಾಗ ಒಂದು ಲೆಕ್ಕಾಚಾರ ಇಟ್ಟರು. ಉತ್ತರ-ದಕ್ಷಿಣ ಹೋಗುವವಕ್ಕೆ ಸಮಸಂಖ್ಯೆ, ಪೂರ್ವ-ಪಶ್ಚಿಮ ಹೋಗುವವಕ್ಕೆ ಬೆಸಸಂಖ್ಯೆ. ಹಾಗಾಗಿ ಕರಾವಳಿಯ ಹಳೇ 17 ಈಗ 66, ಬೆಂಗಳೂರು-ಮಂಗಳೂರಿನ ಹಳೇ 48 ಈಗ 75. ಮೂರಂಕಿ ಬಂದರೆ ಅದು ಕವಲು: ಹೊನ್ನಾವರದಿಂದ ಶಿವಮೊಗ್ಗ ಕಡೆ ಹೋಗೋ 69ರಿಂದ ಹುಟ್ಟಿದ್ದು ಶಿವಮೊಗ್ಗ-ಮಂಗಳೂರಿನ 169, ಅದು ತೀರ್ಥಹಳ್ಳಿಯಲ್ಲಿ ಒಡೆದು ಆಗುಂಬೆ, ಉಡುಪಿ, ಮಲ್ಪೆಗೆ ಇಳಿದರೆ 169ಎ. ಮಗ, ಮೊಮ್ಮಗ ಅಂತ ಪೂರ್ತಿ ವಂಶಾವಳಿಯೇ ಒಂದು ಹಲಗೆಯಲ್ಲಿದೆ. ಇದನ್ನೆಲ್ಲ ವಿವರಿಸಿದರೆ ಭಾವ "ಎಂತ ಮಾರಾಯ, ಆ ಬಸ್ಸು ಹೋಗ್ಲಿ, ಆಮೇಲೆ ಹೇಳು" ಅಂದ್ರು.

ನನ್ನ ಪ್ರಕಾರ ಘಾಟಿಯ ಅತ್ಯಂತ ಒಳ್ಳೆಯ ಬೋರ್ಡು ಅಂದರೆ ತಿರುವಿನ ಸಂಖ್ಯೆ. ಆಗುಂಬೆಗೆ 14 ಹೇರ್‌ಪಿನ್ ತಿರುವು. ಇನ್ನೆಷ್ಟು ಉಳಿದಿದೆ ಅಂತ ಲೆಕ್ಕ ಸಿಗಲಿ ಅಂತಲೇ ಮೊದಲು ನಂಬರ್ ಕೊಟ್ಟಿರಬಹುದು. ವಾಂತಿ ಬರೋ ಮಕ್ಕಳನ್ನ ಹಿಂದಿನ ಸೀಟಲ್ಲಿ ಕೂರಿಸಿಕೊಂಡವರಿಗೆ ಅದರ ಬೆಲೆ ಗೊತ್ತು. ಆದರೆ ಕಾಲಕ್ರಮೇಣ ಆ ನಂಬರೇ ವಿಳಾಸ ಆಗಿಬಿಟ್ಟಿದೆ. 'ಏಳನೇ ತಿರುವಲ್ಲಿ ಮರ ಬಿದ್ದಿದೆ' ಅಂದರೆ ಹೆಬ್ರಿಯವರಿಗೂ ಗೊತ್ತಾಗುತ್ತೆ, ಆಗುಂಬೆಯವರಿಗೂ ಗೊತ್ತಾಗುತ್ತೆ. ಪೇಪರಿನವರು ಬರೆಯೋದೂ ಹಾಗೇ. ಮನೆ ಇಲ್ಲ, ಅಂಗಡಿ ಇಲ್ಲ, ಒಂದು ತಿರುವಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಾಣದ ಕಾಡಿನಲ್ಲಿ ಆಂಬುಲೆನ್ಸ್‌ನವರಿಗೆ ಬೇರೆ ಯಾವ ಗುರುತು ಹೇಳ್ತೀರಿ? ಮೊಬೈಲಿನಲ್ಲಿ ಲೊಕೇಶನ್ ಕಳಿಸೋಣ ಅಂದರೆ ಘಾಟಿಯಲ್ಲಿ ನೆಟ್‌ವರ್ಕ್ ಸಿಕ್ಕಿದ್ದೇ ಪುಣ್ಯ.

ಇಷ್ಟು ಮುಖ್ಯವಾದ ನಂಬರಿನ ಗತಿ ನೋಡಬೇಕು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯೋ ಜಾಗ, ಯಾವ ಬಣ್ಣ ನಿಂತೀತು? ಕೆಲವದರ ಮೇಲೆ ಪಾಚಿ, ಕೆಲವದರ ಮೇಲೆ ಬೈಕ್ ಕ್ಲಬ್ಬಿನವರ ಸ್ಟಿಕ್ಕರ್. ಈ ಸ್ಟಿಕ್ಕರ್ ಶೂರರ ಬಗ್ಗೆ ನನಗೆ ಕೆಟ್ಟ ಸಿಟ್ಟಿದೆ. ನೀವು ಬಂದು ಹೋದದ್ದು ಯಾರಿಗೂ ಬೇಕಾಗಿಲ್ಲ, ನಿಮ್ಮ ಹಿಂದೆ ರಾತ್ರಿ ಬರೋನಿಗೆ ತಿರುವು ಎಡಕ್ಕೋ ಬಲಕ್ಕೋ ಅನ್ನೋದು ಬೇಕು.

ಇನ್ನು 'ಅಪಘಾತ ವಲಯ' ಬೋರ್ಡು. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ ಬ್ಲ್ಯಾಕ್‌ಸ್ಪಾಟ್ ಅನ್ನೋದಕ್ಕೆ ಲೆಕ್ಕ ಇದೆ: ಸುಮಾರು 500 ಮೀಟರ್ ರಸ್ತೆಯಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯ ಆದ 5 ಅಪಘಾತ, ಇಲ್ಲವೇ 10 ಸಾವು. ಅಂದರೆ ಪದೇ ಪದೇ ಅದೇ ಜಾಗದಲ್ಲಿ ಆಗ್ತಿದೆ ಅಂತ ಲೆಕ್ಕ ಹಾಕಿಯೇ ಗುರುತಿಸೋದು. ಅಷ್ಟು ಗೊತ್ತಾದ ಮೇಲೆ ಮಾಡಬೇಕಾದ್ದು ಬೇರೆ ಇದೆಯಲ್ಲ? ತಿರುವಿನಲ್ಲಿ ರಸ್ತೆ ಒಳಮುಖವಾಗಿ ವಾಲಿರಬೇಕು, ವಾಲಿದೆಯಾ? ಎದುರಿನ ಗಾಡಿ ಕಾಣದ ಹಾಗೆ ಗಿಡ ಬೆಳೆದಿದೆಯಾ? ತಡೆಗೋಡೆ ಒಡೆದಿದೆಯಾ? ಇದ್ಯಾವುದನ್ನೂ ಸರಿಮಾಡದೆ ಬೋರ್ಡು ನಿಲ್ಲಿಸಿ, ಆ ಬೋರ್ಡಿಗೂ ತುಕ್ಕು ಹಿಡಿಯೋವರೆಗೆ ಬಿಟ್ಟರೆ ಅದು ಎಚ್ಚರಿಕೆ ಅಲ್ಲ, ಇಲಾಖೆಯ ತಪ್ಪೊಪ್ಪಿಗೆ. ಎಂಜಿನಿಯರುಗಳು ಬೇಜಾರು ಮಾಡ್ಕೋಬೇಡಿ. ಹಣ ಬರೋವರೆಗೆ ಬೋರ್ಡಾದರೂ ಇರಲಿ ಅನ್ನೋ ನಿಮ್ಮ ವಾದ ನನಗೂ ಅರ್ಥ ಆಗುತ್ತೆ. ಆದರೆ ಆ 'ಅಲ್ಲಿವರೆಗೆ' ಎಷ್ಟು ಮಳೆಗಾಲ ಅಂತ ಯಾರಾದರೂ ಹೇಳಬೇಕು.

ಬೇಕಾದ ಬೋರ್ಡು ಯಾವುದು ಅಂತ ಕೇಳಿದರೆ ಎರಡು ಹೇಳ್ತೇನೆ. ಒಂದು, ಇಳಿಯೋ ಕಡೆಗೆ, ಆಗುಂಬೆ ಬಿಡೋ ಮೊದಲೇ: 'ಏರುವ ಗೇರಿನಲ್ಲೇ ಇಳಿಯಿರಿ.' ಹಳೇ ಡ್ರೈವರುಗಳಿಗೆ ಇದು ಬಾಯಿಪಾಠ. ಬಯಲುಸೀಮೆ ಕಡೆಯಿಂದ ವಾರಾಂತ್ಯಕ್ಕೆ ಬರೋ ಹೊಸ ಕಾರಿನವರಿಗೆ ಗೊತ್ತಿಲ್ಲ. ದೊಡ್ಡ ಗೇರಲ್ಲಿ, ಇಲ್ಲವೇ ಡೀಸೆಲ್ ಉಳಿತಾಯ ಅಂತ ನ್ಯೂಟ್ರಲ್‌ನಲ್ಲಿ, ಬ್ರೇಕ್ ಒತ್ತಿಕೊಂಡೇ ಇಳೀತಾರೆ. ಎಂಜಿನ್ ಹಿಡಿಯಬೇಕಾದ ಭಾರವನ್ನೆಲ್ಲ ಬ್ರೇಕೇ ಹಿಡಿದು, ಕಾದು, ಕೊನೆಗೆ ಹಿಡಿತ ತಪ್ಪುತ್ತೆ. ಸೋಮೇಶ್ವರದ ಬದಿಯಲ್ಲಿ ನಿಲ್ಲಿಸಿದ ಕಾರುಗಳ ಚಕ್ರದಿಂದ ಬರೋ ಸುಟ್ಟ ವಾಸನೆಗೆ ಇದೇ ಕಾರಣ.

ಎರಡನೇದು, 'ಏರುವ ವಾಹನಕ್ಕೆ ದಾರಿ ಬಿಡಿ.' ಇದು ಸೌಜನ್ಯದ ಮಾತಲ್ಲ, ಕಾನೂನು. ರಸ್ತೆ ಕಿರಿದಾಗಿರೋ ಕಡಿದಾದ ಜಾಗದಲ್ಲಿ ಇಳಿಯುವವನು ಬದಿಗೆ ನಿಂತು ಏರುವವನಿಗೆ ದಾರಿ ಕೊಡಬೇಕು ಅಂತ 1989ರ ರಸ್ತೆ ನಿಯಮಗಳಲ್ಲೇ ಇತ್ತು, 2017ರ ನಿಯಮಗಳಲ್ಲೂ ಏರುವವನಿಗೇ ಆದ್ಯತೆ. ನಾವು ಹತ್ತುವಾಗ ಎದುರು ಬಂದವರು ಲೈಟ್ ಹೊಡೆದು ನಮ್ಮನ್ನೇ ಹಿಂದೆ ಸರಿಯೋಕೆ ಹೇಳಿದ್ರು! ಭಾವ ಜಗಳಕ್ಕೆ ಹೋಗಲಿಲ್ಲ, ಹ್ಯಾಂಡ್‌ಬ್ರೇಕ್ ಹಾಕಿ ಸುಮ್ಮನೆ ಕೂತರು. ಸ್ವಲ್ಪ ಹೊತ್ತಿಗೆ ಅವರೇ ಸರಿದರು. ಇಷ್ಟು ಬೋರ್ಡಿನ ನಡುವೆ ಈ ನಿಯಮ ಹೇಳೋ ಒಂದು ಬೋರ್ಡೂ ನನ್ನ ಕಣ್ಣಿಗೆ ಬೀಳಲಿಲ್ಲ.

ಮೇಲಿನ ಸೂರ್ಯಾಸ್ತದ ಜಾಗಕ್ಕೆ ಬಂದರೆ ಮಂಗಗಳಿಗೆ ಚಿಪ್ಸ್ ಹಾಕೋರ ದಂಡು. ತಿಂಡಿ ಹಾಕಬೇಡಿ ಅಂತ ಎಷ್ಟು ಬರೆದರೂ ಅಷ್ಟೇ. ಆ ವಿಷಯ ಇನ್ನೊಮ್ಮೆ.

ಈಗ ನಾನು ಕೇಳೋದು ಇಷ್ಟು. ಬುದ್ಧಿಮಾತಿನ ಬೋರ್ಡಿಗೆ ಹಾಕೋ ದುಡ್ಡಿನಲ್ಲಿ 14 ತಿರುವುಗಳ ನಂಬರನ್ನ ಎತ್ತರದ ಕಂಬದ ಮೇಲಲ್ಲ, ತಡೆಗೋಡೆಯ ಮೇಲೆ, ಹೆಡ್‌ಲೈಟ್ ಬೀಳೋ ಎತ್ತರಕ್ಕೆ ಬರೆಸಿ. ಮಂಜು ಕವಿದಾಗ ಕಾಣೋದು ಅಷ್ಟೇ. ಹತ್ತೋರಿಗೂ ಇಳಿಯೋರಿಗೂ ಕಾಣೋ ಹಾಗೆ ಎರಡೂ ಬದಿಗೆ ಇರಲಿ, ಹೊಳೆಯೋ ಬಣ್ಣದಲ್ಲಿರಲಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅಲ್ಲಿ ಯಾವ ಬಣ್ಣವೂ ಒಣಗಲ್ಲ, ಏಪ್ರಿಲ್ ಮುಗಿಯೋದರೊಳಗೆ ಕೆಲಸ ಆಗಬೇಕು.