ಗುಂಡಿನ ತೂತು ಎಲ್ಲದಾವ್ರಿ ಅಂದವರಿಗೆ

ಬೆಳಗ್ಗೆ ಧಾರವಾಡದ ಕೆಸಿಡಿ ಕಾಲೇಜಿನ ಕಡೆ ವಾಕಿಂಗ್ ಮುಗಿಸಿ ಎಂದಿನ ಚಹಾದಂಗಡಿಯಲ್ಲಿ ಕೂತಿದ್ದೆವು. ಬೋಸ್ನಿಯಾದ ರಾಜಧಾನಿ ಸರಾಯೆವೊದ ಫೋಟೋ ತೋರಿಸು ಅಂದರು, ತೋರಿಸಿದೆ. ಗೆಳೆಯನೊಬ್ಬ ಸರಸರ ಬೆರಳಾಡಿಸಿ, "ಏ ಮಾರಾಯ, ಬರೇ ಅಪಾರ್ಟ್‌ಮೆಂಟ್ ಅದಾವಲ್ಲೋ. ಗುಂಡಿನ ತೂತು ಎಲ್ಲದಾವ?" ಅಂದ. ತಲೆ ಕೆಟ್ಟುಹೋಯಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ದುಡ್ಡು ಅವನೇ ಕೊಡಲಿ.

ಮಗನ ಮನೆಗೆ ವಿಯೆನ್ನಾಕ್ಕೆ ಹೋದವನು ಅಲ್ಲಿಂದ ಮೂರು ದಿನ ಬೋಸ್ನಿಯಾಕ್ಕೆ ಹೋಗಿದ್ದು ನಿಮಗೆ ಗೊತ್ತೇ ಇದೆ. ಒಂದಿಡೀ ಮಧ್ಯಾಹ್ನ ಸರಾಯೆವೊದ ಡೊಬ್ರಿನ್ಯಾದಲ್ಲಿ ಸುಮ್ನೆ ಅಡ್ಡಾಡಿದೆ. 1984ರ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಎದ್ದ ಬಡಾವಣೆ, ವಿಮಾನ ನಿಲ್ದಾಣಕ್ಕೆ ಅಂಟಿಕೊಂಡೇ ಇದೆ. 1992ರಲ್ಲಿ ಬೋಸ್ನಿಯಾ ಯುದ್ಧ ಶುರುವಾಗಿ ಸರ್ಬ್ ಪಡೆಗಳಿಂದ ಸರಾಯೆವೊಗೆ ಮುತ್ತಿಗೆ ಬಿತ್ತು. ತೆರವಾಗಿದ್ದು 1996ರ ಫೆಬ್ರವರಿಯಲ್ಲಿ, 1,425 ದಿನಗಳ ಮೇಲೆ. ಡೊಬ್ರಿನ್ಯಾದ್ದು ಮುತ್ತಿಗೆಯೊಳಗೆ ಇನ್ನೊಂದು ಮುತ್ತಿಗೆ. 1993ರಲ್ಲಿ ಇಲ್ಲಿಂದ ಮುತ್ತಿಗೆಯ ಆಚೆಗೆ, ರನ್‌ವೇ ಕೆಳಗೆ, ಸುಮಾರು 800 ಮೀಟರ್ ಸುರಂಗ ತೋಡಿದರು. ಬೆನ್ನು ಬಗ್ಗಿಸಿಯೇ ನಡೆಯಬೇಕಿತ್ತು. ಊರಿಗೆ ಹಿಟ್ಟು, ಔಷಧಿ, ಮದ್ದುಗುಂಡು ಎಲ್ಲ ಅದರಲ್ಲೇ.

ಯುದ್ಧ ಮುಗಿದ ಮೇಲೂ ದೇಶದೊಳಗಿನ ಎರಡು ಆಡಳಿತಗಳ ಗಡಿಗೆರೆ ಇಲ್ಲಿನ ಅಪಾರ್ಟ್‌ಮೆಂಟುಗಳ ನಡುವೆಯೇ ಹಾದುಹೋಗಿತ್ತು. ಆ ತಕರಾರು ಬಿಡಿಸಲು 2001ರಲ್ಲಿ ಐರ್ಲೆಂಡಿನ ನ್ಯಾಯಾಧೀಶರೊಬ್ಬರು ಬರಬೇಕಾಯಿತು. ನಮ್ಮಲ್ಲಿ ಪಾರ್ಕಿಂಗ್ ಜಗಳಕ್ಕೇ ಎರಡು ವರ್ಷ ಮೀಟಿಂಗ್ ನಡೆಯುತ್ತದೆ, ಬಿಡಿ.

ನನ್ನ ಸಿಟ್ಟು ಇಷ್ಟೇ. ಅಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ. ಲಿಫ್ಟ್ ಕೆಟ್ಟರೆ ಬೈಯುತ್ತಾರೆ, ಬಾಲ್ಕನಿಯಲ್ಲಿ ಮೆಣಸಿನಗಿಡ ಬೆಳೆಸುತ್ತಾರೆ. ನಮಗೆ ಮಾತ್ರ ತೂತೇ ಬೇಕು.

ಹಾಗಾದ್ರೆ ನೋಡಲೇಬಾರದಾ, ಎಲ್ಲ ಮರೆತುಬಿಡಬೇಕಾ ಅಂತ ಒಬ್ಬರು ಕೇಳಿದರು. ನೋಡಿ ಸ್ವಾಮಿ, ಯಾರು ಬೇಡ ಅಂದರು? ಸುರಂಗದ ಆಚೆ ತುದಿಯ ಮನೆಯೇ ಮ್ಯೂಸಿಯಂ ಆಗಿದೆ, ಟಿಕೆಟ್ ತಗೊಳ್ಳಿ, ಗಂಟೆಗಟ್ಟಲೆ ನೋಡಿ. ಶೆಲ್ ಬಿದ್ದ ಗುರುತಿಗೆ ಕೆಂಪು ರಾಳ ತುಂಬಿ ಸರಾಯೆವೊ ಗುಲಾಬಿ ಅಂತ ಅವರೇ ರಸ್ತೆಯಲ್ಲಿ ಉಳಿಸಿಕೊಂಡಿದ್ದಾರೆ, ಅದನ್ನೂ ನೋಡಿ. ಆದರೆ ಯಾರದೋ ಅಡುಗೆಮನೆ ಕಿಟಕಿಗೆ ಕ್ಯಾಮೆರಾ ಝೂಮ್ ಮಾಡೋದು ಯಾವ ಸೀಮೆಯ ನೆನಪು?

ಈ ಮಾತು ಹೇಳೋ ಯೋಗ್ಯತೆ ನನಗೂ ಇಲ್ಲ. ನಾಲ್ಕನೇ ಮಹಡಿಯ ಗೋಡೆಯಲ್ಲಿ ಗಿಲಾಯಿ ತೇಪೆಗಳಿದ್ದವು, ಹಳದಿ ಗೋಡೆಗೆ ಬೂದು ಸಿಮೆಂಟು. ಮೊಬೈಲ್ ಎತ್ತಿದೆ. ಬಾಲ್ಕನಿಯಲ್ಲಿ ನನ್ನ ವಯಸ್ಸಿನ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ನನ್ನನ್ನು ನೋಡಿದಳು. ಬೈಯಲಿಲ್ಲ. ಹಾಕಿದ ಬಟ್ಟೆಯನ್ನೆಲ್ಲ ಒಂದೊಂದಾಗಿ, ಕ್ಲಿಪ್ ಸಮೇತ ತೆಗೆದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಟ್ಟೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ನಾನು ಹಾಕಿದ್ದರಲ್ಲಿ ನೀವು ಜಾಸ್ತಿ ಲೈಕ್ ಕೊಟ್ಟಿದ್ದು ಅದೇ ಫೋಟೋಗೆ. ಈಗ ತೆಗೆದುಹಾಕಿದ್ದೇನೆ.

ಚಹಾದಂಗಡಿಯಲ್ಲಿ ಹೇಳಬೇಕು ಅಂದುಕೊಂಡಿದ್ದು ಬೇರೆಯೇ ಇತ್ತು. 1993ರ ಜುಲೈ 12ರಂದು ಡೊಬ್ರಿನ್ಯಾದ ಒಂದು ಮನೆಯಂಗಳದ ಪಂಪಿನ ಮುಂದೆ ಸುಮಾರು ನೂರು ಜನ ನೀರಿಗೆ ಪಾಳಿ ನಿಂತಿದ್ದರು. ಶೆಲ್ ಬಂದು ಬಿತ್ತು. ಹತ್ತಕ್ಕಿಂತ ಹೆಚ್ಚು ಜನ ಅಲ್ಲೇ ಹೋದರು, ಡಬ್ಬಿ ಕ್ಯಾನುಗಳ ನಡುವೆ. ಎಂಟು ದಿನಕ್ಕೊಮ್ಮೆ ನೀರು ಬರೋ ಊರಲ್ಲಿ, ಕೊಡ ಪಾಳಿಗಿಟ್ಟು ಬೆಳೆದವರು ನಾವು. ಈ ಒಂದು ಸಂಗತಿಯಾದರೂ ಹುಬ್ಬಳ್ಳಿ-ಧಾರವಾಡದವರ ಹೊಟ್ಟೆಗೆ ತಾಗಬೇಕು, ಅಲ್ವಾ? ಮಾತು ಶುರು ಮಾಡುವಷ್ಟರಲ್ಲಿ ಮತ್ತೆ "ತೂತಿಂದು ಒಂದರ ತೋರಿಸಲೇ" ಅಂದ.

ಸಂಜೆ ಅವನೇ ಫೋನ್ ಮಾಡಿದ್ದ. ಎತ್ತಲಿಲ್ಲ. ನಾಳೆ ವಾಕಿಂಗ್‌ಗೆ ಸಿಗುತ್ತಾನೆ, ಚಹಾದ ದುಡ್ಡೂ ಕೇಳುತ್ತಾನೆ. ಕೆಳಗಿನಿಂದ "ನೀರು ಬಂದ್ವು" ಅಂತ ಕೂಗುತ್ತಿದ್ದಾರೆ, ಮೋಟರ್ ಹಾಕಬೇಕು.