ಹೆದರಿಕೆ ಬಿಡಿಸಿದ ಮೇಲೆ

ನಮ್ಮಜ್ಜ ತೋಟದಿಂದ ಹಿತ್ತಲ ಬಾಗಿಲಿಗೆ ಬರುವಾಗ ಒಂದು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಕೆಮ್ಮೇನೂ ಇರುತ್ತಿರಲಿಲ್ಲ. ‘ನಾನು ಬರ್ತಿದ್ದೀನಿ, ಗಾಬರಿಯಾಗಬೇಡಿ’ ಅಂತ ಒಳಗಿರುವ ಹೆಂಗಸರಿಗೆ ಸೂಚನೆ. ಕಳೆದ ತಿಂಗಳು ಉಗಾಂಡಾದ ಬ್ವಿಂಡಿ ಕಾಡಿನಲ್ಲಿ ಗೊರಿಲ್ಲಾಗಳ ಜಾಡು ಹಿಡಿದು ನನ್ನ ಮುಂದೆ ನಡೆಯುತ್ತಿದ್ದ ಟ್ರ್ಯಾಕರ್ ಇದ್ದಕ್ಕಿದ್ದಂತೆ ಕುಕ್ಕರಗಾಲಲ್ಲಿ ಕೂತು, ಗಂಟಲಾಳದಿಂದ ‘ಹ್ಞೂಂ... ಹ್ಮ್’ ಅಂತ ಎರಡು ಸಲ ದನಿ ಹೊರಡಿಸಿದಾಗ ನನಗೆ ಅಜ್ಜ ನೆನಪಾದರು. ಎದುರಿನ ಪೊದೆ ಅಲುಗಾಡುವುದು ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅದೇ ದನಿ, ಇನ್ನೂ ದಪ್ಪಗೆ, ಪೊದೆಯೊಳಗಿಂದ ವಾಪಸ್ ಬಂತು.

“ಬನ್ನಿ ಅಂದಿಲ್ಲ. ಬಂದಿರೋದು ಗೊತ್ತಾಯ್ತು ಅಂತಿದ್ದಾನೆ ಅಷ್ಟೇ” ಅಂದರು ರೇಂಜರ್.

ನಾನು ಉಗಾಂಡಾದ ರಾಜಧಾನಿ ಕಂಪಾಲಾಕ್ಕೆ ಬಂದು ಆರು ವರ್ಷ ಆಯ್ತು. ಊರು ತೀರ್ಥಹಳ್ಳಿ ಕಡೆ. ಇಲ್ಲಿದ್ದೂ ಗೊರಿಲ್ಲಾ ನೋಡಿಲ್ವಾ ಅಂತ ಊರಿಂದ ಫೋನ್ ಮಾಡಿದವರೆಲ್ಲ ಕೇಳುತ್ತಿದ್ದರು. ಈ ವರ್ಷ ದುಡ್ಡು ಕೂಡಿಟ್ಟು ಹೋಗಿಬಂದೆ. ಫೋಟೋ ಹಾಕಿ ಸುಮ್ಮನಾಗಬಹುದಿತ್ತು. ಆದರೆ ಅಲ್ಲಿಂದ ಬಂದ ಮೇಲೆ ಮನಸ್ಸು ಸಮಾಧಾನದಲ್ಲಿಲ್ಲ. ಯಾಕೆ ಅಂತ ಪೂರ್ತಿ ಬರೆಯುತ್ತೇನೆ. ಉದ್ದ ಆಗುತ್ತೆ, ದಯವಿಟ್ಟು ಓದಿ.

ಬ್ವಿಂಡಿ ಇರುವುದು ಉಗಾಂಡಾದ ನೈಋತ್ಯ ಮೂಲೆಯಲ್ಲಿ. ಕಂಪಾಲಾದಿಂದ ಒಂದಿಡೀ ಹಗಲಿನ ದಾರಿ. ಸುಮಾರು 320 ಚದರ ಕಿಲೋಮೀಟರ್ ಅಷ್ಟೇ, ಆದರೆ ಒಳಗೆ ಕಾಲಿಟ್ಟರೆ ನಮ್ಮ ಆಗುಂಬೆಯ ಕಾಡನ್ನು ಯಾರೋ ಕಡಿದಾಗಿ ಎತ್ತಿ ನಿಲ್ಲಿಸಿದ ಹಾಗಿದೆ. ಸಾಮಾನ್ಯವಾಗಿ ಪ್ರವಾಸಿಗರು ನೋಡುವುದು ಮನುಷ್ಯರಿಗೆ ಪೂರ್ತಿ ಒಗ್ಗಿಹೋದ ಗೊರಿಲ್ಲಾ ಗುಂಪುಗಳನ್ನು. ಎಂಟು ಜನ, ಒಂದು ಗಂಟೆ, ಅಲ್ಲಿಗೆ ಮುಗಿಯಿತು. ರುಶಾಗಾ ಎನ್ನುವ ಭಾಗದಲ್ಲಿ ಇನ್ನೊಂದು ಬಗೆಯ ಪರ್ಮಿಟ್ ಇದೆ. ಇನ್ನೂ ಪೂರ್ತಿ ಒಗ್ಗದ ಗುಂಪಿನ ಹತ್ತಿರ, ಅದನ್ನು ಒಗ್ಗಿಸುತ್ತಿರುವ ಸಿಬ್ಬಂದಿಯ ಜೊತೆಗೇ ನಾಲ್ಕು ಜನ ನಾಲ್ಕು ಗಂಟೆ ಇರಬಹುದು. 2024ರ ಜುಲೈನಿಂದ ವಿದೇಶಿ ಪ್ರವಾಸಿಗರಿಗೆ ಇದಕ್ಕೆ 1,800 ಡಾಲರ್. ಒಂದು ಗಂಟೆಯದ್ದಕ್ಕೆ 800. ಇಲ್ಲೇ ಕೆಲಸ ಮಾಡುವ ನನ್ನಂಥವರಿಗೆ ಕಡಿಮೆ ಇದೆ. ನಾನು ಹೋಗಿದ್ದು ಈ ನಾಲ್ಕು ಗಂಟೆಯದ್ದಕ್ಕೆ.

‘ಒಗ್ಗಿಸುವುದು’ ಅನ್ನುವ ಮಾತನ್ನು ಬೇಕಂತಲೇ ಬಳಸುತ್ತಿದ್ದೇನೆ. ಪಳಗಿಸುವುದು ಬೇರೆ. ಸಕ್ರೆಬೈಲಿನ ಆನೆ ಬಿಡಾರ ನೋಡಿ ಬೆಳೆದವರಿಗೆ ಪಳಗಿಸುವುದು ಅಂದರೆ ಏನು ಅಂತ ಗೊತ್ತು. ಕ್ರಾಲ್ ಇರುತ್ತೆ, ಸರಪಳಿ ಇರುತ್ತೆ, ಬೆಲ್ಲ ಇರುತ್ತೆ, ಕೊನೆಗೆ ಮಾವುತನ ಮಾತು ಕೇಳುವ ಆನೆ ಇರುತ್ತೆ. ಗೊರಿಲ್ಲಾಗೆ ಇದ್ಯಾವುದೂ ಇಲ್ಲ. ಒಂದು ಎಲೆಯನ್ನೂ ತಿನ್ನಲು ಕೊಡುವ ಹಾಗಿಲ್ಲ. ಮಾಡುವುದು ಇಷ್ಟೇ: ದಿನಾ ಬೆಳಿಗ್ಗೆ ಹೋಗುವುದು. ನಿನ್ನೆ ಬಿಟ್ಟ ಜಾಗಕ್ಕೆ ಹೋಗಿ, ಅಲ್ಲಿಂದ ಜಾಡು ಹಿಡಿದು ರಾತ್ರಿ ಮಲಗಿದ ಗೂಡುಗಳನ್ನು ಹುಡುಕಿ, ಎಣಿಸಿ, ಅಲ್ಲಿಂದ ಮತ್ತೆ ಗುಂಪಿನ ಹಿಂದೆ ಹೋಗುವುದು. ಗೊರಿಲ್ಲಾಗಳು ಪ್ರತಿ ಸಂಜೆ ಹೊಸ ಗೂಡು ಕಟ್ಟುತ್ತವೆ. ಹಾಲು ಕುಡಿಯುವ ಮರಿ ಮಾತ್ರ ತಾಯಿಯ ಗೂಡಲ್ಲೇ. ಗುಂಪು ಕಂಡ ಮೇಲೆ ತಗ್ಗಿ ಕೂರಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಎಲೆ ಕಿತ್ತು ಬಾಯಿ ಹತ್ತಿರ ಹಿಡಿದು ತಿಂದ ಹಾಗೆ ಮಾಡಬೇಕು. ಗಂಟಲಲ್ಲಿ ಆ ದನಿ ಮಾಡಬೇಕು. ಬೆನ್ನು ಬೆಳ್ಳಗಾದ ಯಜಮಾನ ಗಂಡು, ಸಿಲ್ವರ್‌ಬ್ಯಾಕ್ ಅಂತಾರಲ್ಲ ಅವನು, ಅರಚಿಕೊಂಡು ಮೇಲೇರಿ ಬರುತ್ತಾನೆ. ಆಗ ಓಡಬಾರದು. ಓಡಿದರೆ ಅವತ್ತಿನವರೆಗೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಹೀಗೆ ಎರಡು ವರ್ಷ, ಕೆಲವು ಸಲ ಇನ್ನೂ ಹೆಚ್ಚು.

ಅವತ್ತು ಬೆಳಿಗ್ಗೆ ಗೂಡುಗಳ ಹತ್ತಿರ ಟ್ರ್ಯಾಕರ್ ಕಡ್ಡಿಯಿಂದ ಲದ್ದಿ ಕೆದಕಿ ತೋರಿಸಿದ. ಮೊದಲನೆಯದು ಗಟ್ಟಿಯಾಗಿ, ನಾರು ನಾರಾಗಿ, ಕುದುರೆ ಲದ್ದಿಯ ಹಾಗಿತ್ತು. ಇಪ್ಪತ್ತು ಮಾರು ಆಚೆ ಎಲೆಗಳ ಮೇಲೆ ತೆಳ್ಳಗೆ ಚೆಲ್ಲಿತ್ತು, ಹುಳಿ ವಾಸನೆ. “ಇದು ನಿನ್ನೆ ಸಂಜೆ ನಾವು ಹತ್ತಿರ ಹೋದಾಗಿನದ್ದು. ಹೆದರಿದರೆ ಭೇದಿಯಾಗುತ್ತೆ. ಮೊದಲ ಆರು ತಿಂಗಳು ದಿನಾ ಹೀಗೇ ಇತ್ತು, ಈಗ ಅಪರೂಪ” ಅಂದ. ಅವನ ದನಿಯಲ್ಲಿ ಹೆಮ್ಮೆ ಇತ್ತು, ಇರಬೇಕಾದ್ದೇ. ನನಗೆ ಮಾತ್ರ ಹೊಟ್ಟೆ ತೊಳಸಿತು. ವಾಸನೆಗಲ್ಲ. ನಮ್ಮನ್ನು ಕಂಡರೆ ಭೇದಿಯಾಗುವಷ್ಟು ಹೆದರುವ ಜೀವದ ಹತ್ತಿರ ನಾವು ದುಡ್ಡು ಕೊಟ್ಟು ಹೋಗುತ್ತಿದ್ದೇವಲ್ಲ ಅಂತ.

ಮುಂದಿನ ಎರಡು ಗಂಟೆ ಹೇಗೆ ಕಳೆಯಿತೋ. ಒಂದು ಹೆಣ್ಣು ಗೊರಿಲ್ಲಾ ನಮ್ಮ ಕಡೆಗೆ ಬೆನ್ನು ಹಾಕಿ ಕೂತು ಬಳ್ಳಿಯೊಂದನ್ನು ಎಳೆದೆಳೆದು, ಬೆರಳಲ್ಲಿ ಸಿಪ್ಪೆ ಸುಲಿದು ತಿನ್ನುತ್ತಿತ್ತು. ಅವಸರವಿಲ್ಲ. ಅಮ್ಮ ಜಗಲಿಯಲ್ಲಿ ಕೂತು ತಿಂಗಳವರೆ ಸುಲಿಯುವಾಗ ಇರುತ್ತಾಳಲ್ಲ, ಅದೇ ಭಂಗಿ. ನಾಲ್ಕೈದು ನಿಮಿಷಕ್ಕೊಮ್ಮೆ ಹೆಗಲ ಮೇಲಿಂದ ತಿರುಗಿ ನಮ್ಮನ್ನು ನೋಡುತ್ತಿತ್ತು, ಮತ್ತೆ ಸುಲಿಯುತ್ತಿತ್ತು. ಟ್ರ್ಯಾಕರ್ ಜೇಬಿನಿಂದ ಒಂದು ಪುಸ್ತಕ ತೆಗೆದ. ಅದರ ತುಂಬಾ ಮೂಗುಗಳ ಚಿತ್ರ. ಗೊರಿಲ್ಲಾಗಳ ಮೂಗಿನ ಮೇಲಿನ ಗೆರೆಗಳು ಒಂದಕ್ಕಿದ್ದ ಹಾಗೆ ಇನ್ನೊಂದಕ್ಕಿಲ್ಲ, ನಮ್ಮ ಹೆಬ್ಬೆಟ್ಟಿನ ಹಾಗೆ. ಪೆನ್ಸಿಲ್ಲಿನಲ್ಲಿ ಬರೆದು, ಅಳಿಸಿ, ತಿದ್ದಿ ಬರೆದಿದ್ದ. ಹನ್ನೊಂದು ಗೂಡು, ಹದಿಮೂರು ಮೂಗು. ಒಂದು ಪುಟದಲ್ಲಿ ಗೆರೆಯೇ ಇಲ್ಲದ ಖಾಲಿ ಮೂಗು. “ಇದು ಮರಿ. ಇನ್ನೂ ಸರಿಯಾಗಿ ಮುಖ ತೋರಿಸಿಲ್ಲ” ಅಂದ.

ಇಲ್ಲಿಗೆ ನಿಲ್ಲಿಸಿದ್ದರೆ ಚಂದದ ಪ್ರವಾಸಕಥನ ಆಗುತ್ತಿತ್ತು.

ನಮ್ಮ ನಾಲ್ಕು ಜನರಲ್ಲಿ ಒಬ್ಬರಿಗೆ ನೆಗಡಿ ಇತ್ತು. ಬೆಳಿಗ್ಗೆ ತಿಂಡಿ ತಿನ್ನುವಾಗ ಅವರು ಮಾತ್ರೆ ನುಂಗಿದ್ದನ್ನು, ಮೂಗು ಒರೆಸಿಕೊಂಡಿದ್ದನ್ನು ನಾನು ಪಕ್ಕದ ಮೇಜಿನಿಂದ ನೋಡಿದ್ದೆ. ಕಾಡಿಗೆ ಹೊರಡುವ ಮುಂಚೆ ರೇಂಜರ್ ಎಲ್ಲರನ್ನೂ ನಿಲ್ಲಿಸಿ ಸ್ಪಷ್ಟವಾಗಿ ಕೇಳಿದರು: ಯಾರಿಗಾದರೂ ನೆಗಡಿ, ಕೆಮ್ಮು, ಜ್ವರ, ಭೇದಿ ಇದೆಯಾ? ನಾಲ್ಕೂ ಜನ ಇಲ್ಲ ಅಂದೆವು. ಅವರು ಸುಳ್ಳು ಹೇಳಿದರು, ನಾನು ಬಾಯಿ ಮುಚ್ಚಿಕೊಂಡೆ. ಅಷ್ಟು ದೂರದಿಂದ ಬಂದಿದ್ದಾರೆ, ಅಷ್ಟು ದುಡ್ಡು ಕಟ್ಟಿದ್ದಾರೆ, ನಾನ್ಯಾಕೆ ಕೆಟ್ಟವಳಾಗಲಿ ಅಂತ. ಎರಡನೇ ಗಂಟೆ ಮುಗಿಯುವ ಹೊತ್ತಿಗೆ ಅವರು ಮಾಸ್ಕಿನೊಳಗೇ ಸಾಲಾಗಿ ಮೂರು ಸಲ ಸೀನಿದರು. ಮಾಸ್ಕ್ ಒದ್ದೆಯಾಯಿತು ಅಂತ ತೆಗೆದು, ಇನ್ನೊಂದು ಸಲ ಸೀನಿದರು. ರೇಂಜರ್ ಒಂದು ಮಾತೂ ಆಡದೆ ಅವರ ತೋಳು ಹಿಡಿದು ಎಬ್ಬಿಸಿ, ದಿಬ್ಬದ ಆಚೆಗೆ ಕರೆದುಕೊಂಡು ಹೋದರು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಡಲ್ಲಿ ಮಂಗ ಸತ್ತು ಬಿದ್ದಿದೆ ಅಂದರೆ ನಾವು ಆ ಕಡೆ ದನ ಅಟ್ಟುವುದಿಲ್ಲ, ತರಗು ತರಲು ಹೋಗುವುದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗುರುತಿಸಿದಾಗಿನಿಂದ ನಮಗೆ ಆ ಹೆದರಿಕೆ ಇದೆ. ಮಂಗ ಸತ್ತರೆ ಉಣುಗಿನ ಮೂಲಕ ನಮಗೆ ಬರುತ್ತೆ. ಬ್ವಿಂಡಿಯಲ್ಲಿ ಅದೇ ದಾರಿ ತಿರುಗುಮುರುಗು. ನಮ್ಮ ಸಾಮಾನ್ಯ ನೆಗಡಿಯೇ ಅವಕ್ಕೆ ಮಾರಿ. 2009ರಲ್ಲಿ ರುವಾಂಡಾದ ಹಿರ್ವಾ ಎಂಬ ಗುಂಪಿಗೆ ಉಸಿರಾಟದ ಕಾಯಿಲೆ ಬಂದು ಒಂದು ದೊಡ್ಡ ಹೆಣ್ಣು, ಒಂದು ಮರಿ ಸತ್ತವು. ಪರೀಕ್ಷೆಯಲ್ಲಿ ಸಿಕ್ಕಿದ್ದು ಮನುಷ್ಯರಲ್ಲಿ ನೆಗಡಿ ಕೆಮ್ಮು ತರುವ ಒಂದು ವೈರಸ್. ಅದಕ್ಕೂ ಮುಂಚೆ, 1996ರಲ್ಲಿ, ಬ್ವಿಂಡಿಯ ಗೊರಿಲ್ಲಾಗಳಿಗೆ ಕಜ್ಜಿ ಹತ್ತಿತ್ತು. ಒಂದು ಮರಿ ಉಳಿಯಲಿಲ್ಲ. ಆಗ ಚಿಕಿತ್ಸೆ ಮಾಡಿದವರು ಉಗಾಂಡಾದ ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಜಿಕುಸೊಕಾ. ಹೊಲಕ್ಕೆ ನುಗ್ಗಿದಾಗ ಬೆರ್ಚಪ್ಪನಿಗೆ ತೊಡಿಸಿದ್ದ ಹಳೇ ಬಟ್ಟೆ ಮುಟ್ಟಿ ಕಜ್ಜಿ ಬಂದಿರಬೇಕು ಅನ್ನುವ ಅಂದಾಜಿದೆ. ಬೆರ್ಚಪ್ಪನನ್ನು ಕಂಡರೂ ಹೆದರದಷ್ಟು ಮನುಷ್ಯರಿಗೆ ಒಗ್ಗಿಬಿಟ್ಟರೆ ಆಗುವುದೇ ಇದು. ಕಾಡಿನ ಅಂಚಿನ ಬಡವರ ಆರೋಗ್ಯ ಸರಿಮಾಡದೆ ಗೊರಿಲ್ಲಾ ಉಳಿಯುವುದಿಲ್ಲ ಅಂತ ಆ ವೈದ್ಯೆ ಆಮೇಲೆ ಅದಕ್ಕಾಗಿಯೇ ಒಂದು ಸಂಸ್ಥೆ ಕಟ್ಟಿದರು.

ಹಾಗಾದರೆ ಒಗ್ಗಿಸುವುದನ್ನೇ ಬಿಟ್ಟುಬಿಡಬಹುದಲ್ಲ? ನಾನೂ ಹಾಗೇ ಅಂದುಕೊಂಡು ವಾಪಸ್ ಬಂದೆ. ಬಂದು ಓದುತ್ತಾ ಹೋದ ಹಾಗೆ ಆ ಮಾತು ಅಷ್ಟು ಸುಲಭ ಅನ್ನಿಸಲಿಲ್ಲ. 1981ರ ಗಣತಿಯಲ್ಲಿ ಉಗಾಂಡಾ, ರುವಾಂಡಾ, ಕಾಂಗೋ ಗಡಿಯ ವಿರುಂಗಾ ಬೆಟ್ಟಗಳಲ್ಲಿ ಉಳಿದಿದ್ದದ್ದು ಸುಮಾರು 250 ಮೌಂಟನ್ ಗೊರಿಲ್ಲಾಗಳು, ಬ್ವಿಂಡಿಯಲ್ಲಿರುವ ಇದೇ ಬಗೆಯವು. ಈಗ ಅಲ್ಲಿ 600ಕ್ಕೂ ಹೆಚ್ಚಿವೆ. ಬ್ವಿಂಡಿಯದ್ದೂ ಸೇರಿಸಿದರೆ ಇಡೀ ಲೋಕದಲ್ಲಿ ಗಣತಿಗೆ ಸಿಕ್ಕಿದ್ದು 1,063. ಈ ಬಗೆಯವು ಬೇರೆಲ್ಲೂ ಇಲ್ಲ, ಮೃಗಾಲಯಗಳಲ್ಲೂ ಇಲ್ಲ. ವಿರುಂಗಾದ ನಲವತ್ತು ವರ್ಷಗಳ ಲೆಕ್ಕ ಇಟ್ಟ ಅಧ್ಯಯನವೊಂದು 2011ರಲ್ಲಿ ಬಂತು. ಮನುಷ್ಯರಿಗೆ ಒಗ್ಗಿದ ಗುಂಪುಗಳು ವರ್ಷಕ್ಕೆ ಶೇಕಡಾ 4ರಷ್ಟು ಬೆಳೆದರೆ, ಒಗ್ಗದೆ ದೂರ ಉಳಿದ ಗುಂಪುಗಳು ಕರಗುತ್ತಾ ಹೋಗಿದ್ದವು. ಕಾರಣ ಮಂತ್ರವೇನಲ್ಲ. ದಿನಾ ನೋಡುವವರು ಇದ್ದಾರೆ. ಉರುಳಿಗೆ ಕೈ ಸಿಕ್ಕಿಕೊಂಡರೆ ಅವತ್ತೇ ಗೊತ್ತಾಗುತ್ತೆ, ವೈದ್ಯರು ಕಾಡಿಗೇ ಬರುತ್ತಾರೆ. ಟ್ರ್ಯಾಕರ್ ಜೇಬಿನ ಆ ಮೂಗಿನ ಪುಸ್ತಕವೇ ಅವುಗಳ ಆಯುಷ್ಯ.

ಇದನ್ನು ಓದಿದ ಮೇಲೆ ನಾನು ಮಾತು ತಿದ್ದಿಕೊಂಡೆ. ಒಗ್ಗಿಸಿದ್ದು ತಪ್ಪಲ್ಲ. ಆದರೆ ಒಗ್ಗಿಸುವುದು ಅಂದರೆ ಸಾಲ ಮಾಡಿದ ಹಾಗೆ. ಗೊರಿಲ್ಲಾಗೆ ತನ್ನನ್ನು ಕಾಪಾಡಿಕೊಳ್ಳಲು ಇದ್ದ ದೊಡ್ಡ ಆಯುಧ ಹೆದರಿಕೆ. ಮನುಷ್ಯನ ವಾಸನೆ ಬಂದರೆ ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಿತ್ತು. ಎರಡು ವರ್ಷ ದಿನಾ ಹೋಗಿ ಅದನ್ನು ಬಿಡಿಸಿದೆವು. ಇನ್ನು ಮುಂದೆ ಅದರ ಬದಲಿಗೆ ನಾವು ನಿಲ್ಲಬೇಕು, ಒಂದು ದಿನವೂ ತಪ್ಪದೆ. ನೋಡಲು ಬರುವ ಮನುಷ್ಯ ಯಾರು, ಉರುಳು ಹಾಕಲು ಬಂದವನು ಯಾರು ಅಂತ ಅವಕ್ಕೆ ಹೇಗೆ ಗೊತ್ತಾಗಬೇಕು?

2020ರ ಜೂನ್‌ನಲ್ಲಿ, ಕೊರೋನಾದಿಂದ ಪ್ರವಾಸಿಗರು ಬರುವುದು ನಿಂತಿದ್ದಾಗ, ಬ್ವಿಂಡಿಯ ನ್ಕುರಿಂಗೊ ಗುಂಪಿನ ಯಜಮಾನ ಕೊಲೆಯಾದ. ಹಂದಿ ಬೇಟೆಗೆ ಬಂದವನ ಈಟಿ. ಅವನಿಗೆ 11 ವರ್ಷ ಜೈಲಾಯಿತು. ಸತ್ತ ಗೊರಿಲ್ಲಾಗೆ ಇಟ್ಟಿದ್ದ ಹೆಸರು ರಫಿಕಿ. ಸ್ವಾಹಿಲಿಯಲ್ಲಿ ಗೆಳೆಯ ಅಂತ ಅರ್ಥ.

ಒಗ್ಗಿದ ಗುಂಪುಗಳು ಕಾಡಿನಿಂದ ಹೊರಗೂ ಬರುತ್ತವೆ. ಬಾಳೆ ತೋಟಕ್ಕೆ ನುಗ್ಗಿ ಗೊನೆ ಬಿಟ್ಟು ಗಿಡವನ್ನೇ ಸೀಳಿ ದಿಂಡು ತಿನ್ನುತ್ತವೆ. ಅಂಚಿನಲ್ಲಿ ಚಹಾ ಹಾಕಿದರೆ ತಿನ್ನುವುದಿಲ್ಲ ಅಂತ ಹಾಗೂ ಮಾಡಿ ನೋಡಿದ್ದಾರೆ. ಮಂಗನ ಹಾವಳಿಗೆ ಏಲಕ್ಕಿ, ಬಾಳೆ ಕಳೆದುಕೊಂಡ ನಮ್ಮ ಕಡೆಯವರಿಗೆ ಆ ರೈತನ ಸಂಕಟ ಅರ್ಥವಾಗುತ್ತೆ. ಇನ್ನು ಬಟ್ವಾ ಜನರ ಕಥೆ. ತಲೆತಲಾಂತರದಿಂದ ಆ ಕಾಡಲ್ಲಿ ಜೇನು ಕೀಳುತ್ತಾ, ಬೇಟೆಯಾಡುತ್ತಾ ಇದ್ದವರು. 1991ರಲ್ಲಿ ಬ್ವಿಂಡಿ ರಾಷ್ಟ್ರೀಯ ಉದ್ಯಾನವಾದಾಗ ಅವರನ್ನು ಹೊರಗೆ ಹಾಕಿದರು. ಪರಿಹಾರವಿಲ್ಲ, ಭೂಮಿಯಿಲ್ಲ. ಮೂವತ್ತು ವರ್ಷ ಆದ ಮೇಲೆ, 2021ರಲ್ಲಿ, ಉಗಾಂಡಾದ ಸಾಂವಿಧಾನಿಕ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ನಾಗರಹೊಳೆಯ ಜೇನುಕುರುಬರನ್ನು ಬಲ್ಲವರಿಗೆ ಇದು ಹೊಸ ಕಥೆಯಲ್ಲ. ನಾನು ಉಳಿದುಕೊಂಡಿದ್ದ ಲಾಡ್ಜಿನ ಅಂಗಳದಲ್ಲಿ ಸಂಜೆ ಬಟ್ವಾ ಹೆಂಗಸರು ಪ್ರವಾಸಿಗರಿಗಾಗಿ ಕುಣಿದರು. ಗೊರಿಲ್ಲಾ ಹೆದರದೇ ಇರಲಿ ಅಂತ ಎರಡು ವರ್ಷ ತಗ್ಗಿ ಕೂತು ತಾಳ್ಮೆಯಿಂದ ಕಾಯುವ ನಾವು, ಈ ಮನುಷ್ಯರ ವಿಷಯದಲ್ಲಿ ಒಂದು ದಿನದ ತಾಳ್ಮೆಯನ್ನೂ ತೋರಿಸಲಿಲ್ಲ. ನನಗೆ ಚಪ್ಪಾಳೆ ತಟ್ಟಲು ಕೈ ಬರಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇದು. ಈಗಾಗಲೇ ಒಗ್ಗಿರುವ ಗುಂಪುಗಳನ್ನು ಕಣ್ಣಿನ ರೆಪ್ಪೆಯ ಹಾಗೆ ನೋಡಿಕೊಳ್ಳಲಿ, ನೋಡಲು ಜನ ಹೋಗಲಿ, ಆ ದುಡ್ಡು ಅಲ್ಲಿಯ ಊರಿಗೆ, ಬಟ್ವಾಗಳಿಗೆ ಈಗಿನದ್ದಕ್ಕಿಂತ ಹೆಚ್ಚು ಸಿಗಲಿ. ಆದರೆ ಪ್ರವಾಸಿಗರು ಹೆಚ್ಚಾದರು ಅಂತ ಹೊಸ ಹೊಸ ಗುಂಪುಗಳನ್ನು ಒಗ್ಗಿಸುತ್ತಾ ಹೋಗುವುದು ಬೇಡ. ನಾವು ಕಂಡರೆ ಓಡಿಹೋಗುವ ಗೊರಿಲ್ಲಾಗಳೂ ಇರಬೇಕು. ಕಾವಲು, ವೈದ್ಯರು, ದುಡ್ಡು ಎಲ್ಲ ಕೈಕೊಟ್ಟ ದಿನಕ್ಕೆ ಅವುಗಳ ಹೆದರಿಕೆಯೇ ದಿಕ್ಕು. ಮತ್ತೆ, ಅರ್ಧ ಒಗ್ಗಿದ ಗುಂಪಿನ ಜೊತೆ ನಾಲ್ಕು ಗಂಟೆ ಕೂರುವುದನ್ನು ಮಾರಲೇಬಾರದು. ನಾನು ಅದನ್ನು ಕೊಂಡುಕೊಂಡವಳು, ಅದಕ್ಕೇ ಹೇಳುತ್ತಿದ್ದೇನೆ. ಅದು ಟ್ರ್ಯಾಕರ್‌ಗಳ ಕೆಲಸ, ಅವರ ಮುಖ, ಅವರ ದನಿ ಗೊರಿಲ್ಲಾಗಳಿಗೆ ಗೊತ್ತು. ದಿನಾ ನಾಲ್ಕು ಹೊಸ ಮುಖ, ನಾಲ್ಕು ಹೊಸ ನೆಗಡಿ ಯಾಕೆ?

ನೀವು ಹೋಗುವುದಾದರೆ ಹೋಗಿ. ಮಾಸ್ಕ್ ತೆಗೆಯಬೇಡಿ. ಹತ್ತು ಮೀಟರ್ ಅಂದರೆ ಹತ್ತು ಮೀಟರ್, ಅದೇ ಹತ್ತಿರ ಬಂದರೆ ನೀವು ಹಿಂದೆ ಸರಿಯಿರಿ. ಮೈ ಹುಷಾರಿಲ್ಲದಿದ್ದರೆ ಎಷ್ಟೇ ದುಡ್ಡು ಹೋಗಲಿ, ಕೋಣೆಯಲ್ಲೇ ಉಳಿಯಿರಿ. ಪಕ್ಕದವರಿಗೆ ಹುಷಾರಿಲ್ಲ ಅಂತ ಗೊತ್ತಿದ್ದರೆ ರೇಂಜರ್‌ಗೆ ಹೇಳಿ. ನಾನು ಹೇಳಲಿಲ್ಲ.

ಅವರನ್ನು ಕರೆದುಕೊಂಡು ಹೋದ ಹತ್ತು ನಿಮಿಷಕ್ಕೆ, ಅವರು ಕೂತಿದ್ದ ಜಾಗಕ್ಕೆ ಒಂದು ಪುಟ್ಟ ಗೊರಿಲ್ಲಾ ಬಂತು. ತಾಯಿಯ ಕಣ್ಣು ತಪ್ಪಿಸಿ ಬಂದಿತ್ತೇನೋ. ಒತ್ತಿ ಹೋಗಿದ್ದ ಹುಲ್ಲನ್ನು ಬೆರಳಲ್ಲಿ ಮೀಟಿತು. ಒಂದು ಎಲೆ ಎತ್ತಿ ಮೂಸಿತು. ಬಾಯಿಗಿಟ್ಟುಕೊಳ್ಳುವುದರೊಳಗೆ ಟ್ರ್ಯಾಕರ್ ಒರಟಾಗಿ ಕೆಮ್ಮಿದ ಹಾಗೆ ಒಂದು ದನಿ ಮಾಡಿದ, ಅದು ಗದರಿಕೆ. ಮರಿ ಎಲೆ ಬಿಟ್ಟು ಓಡಿತು. ಇನ್ನೂ ಸ್ವಲ್ಪ ಹೆದರಿಕೆ ಉಳಿದಿದೆಯಲ್ಲ ಅಂತ ನನಗೆ ಕಣ್ಣು ತುಂಬಿ ಬಂತು.

ಇಳಿದು ಬರುವಾಗ ರೇಂಜರ್‌ಗೆ ತಿಂಡಿ ಹೊತ್ತಿನ ಸಂಗತಿ ಹೇಳಿಬಿಟ್ಟೆ. ಅವರು ಬಯ್ಯಲಿಲ್ಲ. ಸುಮ್ಮನೆ ನಡೆದರು. ಆಮೇಲೆ “ಎರಡು ವಾರ ನೋಡಬೇಕು” ಅಂದರು. ನಂಬರ್ ಇಸ್ಕೊಂಡೆ. ದಿನಾ ಸಂಜೆ ಮೆಸೇಜ್ ಮಾಡಿ ಕೇಳುತ್ತಿದ್ದೆ. ಸಿಗ್ನಲ್ ಸಿಕ್ಕ ದಿನ ಉತ್ತರ ಬರುತ್ತಿತ್ತು, ಸಿಗದ ದಿನ ನನಗೆ ನಿದ್ದೆ ಬರುತ್ತಿರಲಿಲ್ಲ. ಹದಿನೈದನೇ ದಿನ ಬಂದ ಮೆಸೇಜ್ ಹೀಗಿತ್ತು: “ಹನ್ನೊಂದು ಗೂಡು. ಲದ್ದಿ ಗಟ್ಟಿ ಇದೆ. ಯಾರೂ ಕೆಮ್ಮುತ್ತಿಲ್ಲ.”