ಆ ಮಗುವಿನ ಭಾಷೆ ಅಮ್ಮನೊಬ್ಬಳಿಗೇ ಗೊತ್ತಿದ್ದರೆ ಸಾಕಾ?

ಹೋದ ವರ್ಷ ನನ್ನ ತಂಗಿಗೆ ಮೂರು ದಿನ ವಿಪರೀತ ಜ್ವರ. ಮನೆ ತುಂಬಾ ಜನ ಇದ್ದೆವು. "ನೀನು ಮಲಗು, ಮಗನನ್ನ ನಾವು ನೋಡ್ಕೋತೀವಿ" ಅಂತ ಅವಳನ್ನು ರೂಮಿಗೆ ಕಳಿಸಿ ಬಾಗಿಲು ಹಾಕಿದೆ.

ಅವಳ ಮಗನಿಗೆ ಆಗ ಐದು ವರ್ಷ. ಆಟಿಸಂ ಇದೆ, ಮಾತು ತುಂಬಾ ಕಡಿಮೆ. ಸ್ವಲ್ಪ ಹೊತ್ತಿಗೆ ನನ್ನ ಹತ್ತಿರ ಬಂದು ಸೀರೆ ಸೆರಗು ಹಿಡಿದ. "ನೀರು ಬೇಕಾ?" ಅಂದ. ಎಷ್ಟು ಖುಷಿಯಾಯಿತು ನನಗೆ! ದೊಡ್ಡಮ್ಮನನ್ನು ವಿಚಾರಿಸ್ತಿದ್ದಾನೆ ಅಂದುಕೊಂಡೆ. "ಬೇಡ ಪುಟ್ಟ" ಅಂದೆ. ಮತ್ತೆ "ನೀರು ಬೇಕಾ?" ಅಂದ. "ಬೇಡ ಕಂದ, ನನಗೆ ಬಾಯಾರಿಕೆ ಇಲ್ಲ" ಅಂದೆ. ಮೂರನೇ ಸಲಕ್ಕೆ ಕಿರುಚಿ ನೆಲಕ್ಕೆ ಬಿದ್ದು ತಲೆ ಚಚ್ಚಿಕೊಳ್ಳಲು ಶುರು ಮಾಡಿದ. ತಂಗಿ ಗೋಡೆ ಹಿಡಿದುಕೊಂಡು ಎದ್ದು ಬಂದಳು. ಒಂದು ಲೋಟ ನೀರು ಕೊಟ್ಟಳು. ಅವನು ಗಟಗಟ ಕುಡಿದು ಸುಮ್ಮನಾದ.

"ಅಕ್ಕ, ಅವನಿಗೆ ಬಾಯಾರಿಕೆ ಆದ್ರೆ ಹಾಗೇ ಹೇಳೋದು" ಅಂದಳು.

ಯೋಚನೆ ಮಾಡಿದರೆ ಇದರಲ್ಲಿ ಎಷ್ಟು ಅರ್ಥ ಇದೆ ನೋಡಿ. ಅವನಿಗೆ ಪ್ರತಿ ಸಲ ನೀರು ಸಿಗುವ ಮೊದಲು ಕಿವಿಗೆ ಬಿದ್ದದ್ದು ಯಾವ ಮಾತು? "ನೀರು ಬೇಕಾ?" ಅನ್ನೋದೇ. ಆ ಮಾತು ಬಂದರೆ ನೀರು ಬರುತ್ತೆ ಅಂತ ಅವನು ಸರಿಯಾಗೇ ಕಲಿತಿದ್ದಾನೆ. ಕೇಳಿದ ಮಾತನ್ನು ಹಾಗೇ ತಿರುಗಿ ಹೇಳುವ ಇದಕ್ಕೆ ಎಕೋಲೇಲಿಯ ಅಂತಾರೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಮೊದಲ ಬಾರಿಗೆ ಆಟಿಸಂ ಇರುವ 11 ಮಕ್ಕಳ ಬಗ್ಗೆ ವಿವರವಾಗಿ ಬರೆದಾಗಲೇ ಇದನ್ನು ಗಮನಿಸಿದ್ದರು. ಆ ಮಕ್ಕಳು ತಮಗೆ ಬೇಕಾದ್ದನ್ನು ಪ್ರಶ್ನೆಯ ರೂಪದಲ್ಲೇ ಕೇಳುತ್ತಿದ್ದರು, "ನಾನು" ಅನ್ನಬೇಕಾದ ಕಡೆ "ನೀನು" ಅನ್ನುತ್ತಿದ್ದರು. 11ರಲ್ಲಿ 8 ಮಕ್ಕಳಿಗೆ ಮಾತು ಬಂದಿತ್ತು, 3 ಮಕ್ಕಳಿಗೆ ಬಂದಿರಲಿಲ್ಲ.

ಆದರೆ ಆ ದಿನ ನನ್ನನ್ನು ಕಾಡಿದ್ದು ಬೇರೆ ವಿಷಯ. ಅಷ್ಟು ಜನ ಇದ್ದ ಮನೆಯಲ್ಲಿ ಅವನ ಭಾಷೆ ಬಲ್ಲವಳು ಒಬ್ಬಳೇ. ಹಾಗಾಗಿ ಅವಳು ಜ್ವರ ಬಂದರೂ ಮಲಗುವ ಹಾಗಿಲ್ಲ. ಐದು ವರ್ಷದಿಂದ ನಾವೆಲ್ಲ ಅವಳಿಗೆ ಧೈರ್ಯ ಹೇಳಿದ್ದೆವು, ಸಲಹೆ ಕೊಟ್ಟಿದ್ದೆವು, ಅವಳ ಕಣ್ಣೀರು ಒರೆಸಿದ್ದೆವು. ಆದರೆ ಅವಳ ಕೆಲಸದಲ್ಲಿ ಒಂದು ಎಳೆಯನ್ನೂ ನಾವು ಕಲಿತಿರಲಿಲ್ಲ.

ಸಲಹೆ ಅಂದೆನಲ್ಲ, ಅದರ ಬಗ್ಗೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ಅವನಿಗೆ ಒಂದೂವರೆ ವರ್ಷ ಆದಾಗ ತಂಗಿ ಫೋನ್ ಮಾಡಿ, "ಹೆಸರು ಕರೆದ್ರೆ ತಿರುಗಲ್ಲ ಅಕ್ಕ, ಬೆರಳು ತೋರಿಸಿ ಏನೂ ಕೇಳಲ್ಲ, ನನ್ನ ಕೈ ಹಿಡ್ಕೊಂಡು ಹೋಗಿ ಬಾಗಿಲ ಚಿಲಕದ ಮೇಲೆ ಇಡ್ತಾನೆ" ಅಂದಿದ್ದಳು. ನಾನು "ಗಂಡುಮಕ್ಕಳಿಗೆ ಮಾತು ತಡ ಕಣೇ, ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದೆ. ಪ್ರೀತಿಯಿಂದಲೇ ಅಂದೆ. ಹತ್ತು ತಿಂಗಳು ಹಾಗೇ ಹೋಯಿತು. ಅವಳು ಹೇಳಿದ ಮೂರೂ ಲಕ್ಷಣಗಳು ವೈದ್ಯರು ಮೊದಲು ಕೇಳುವಂಥವೇ ಅಂತ ಆಮೇಲೆ ಗೊತ್ತಾಯಿತು. 16 ತಿಂಗಳಿಗೆ ಒಂದೂ ಪದ ಇಲ್ಲ, ಎರಡು ವರ್ಷಕ್ಕೆ ತಾನಾಗಿ ಎರಡು ಪದ ಜೋಡಿಸಿ ಹೇಳಲ್ಲ, ಇದ್ದ ಮಾತೇ ನಿಂತುಹೋಗಿದೆ ಅಂದರೆ ಕಾಯಬಾರದು. ಮೊದಲು ಕಿವಿ ಪರೀಕ್ಷೆ, ಜೊತೆಗೆ ಬೆಳವಣಿಗೆಯ ಪರೀಕ್ಷೆ. ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದರೆ ನಷ್ಟವೇನಿಲ್ಲ. ದಯವಿಟ್ಟು ನನ್ನ ಹಾಗೆ "ಏನಾಗಲ್ಲ ಬಿಡು" ಅನ್ನಬೇಡಿ. ಅಮ್ಮನಿಗೆ ಅನುಮಾನ ಬಂದಿದೆ ಅಂದರೆ ಅವಳ ಜೊತೆ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು ನನಗೆ ಸಿಟ್ಟು ತರಿಸುತ್ತೆ. "ಮೊಬೈಲ್ ಕೊಟ್ಟು ಕೂರಿಸಿದ್ದಕ್ಕೇ ಹೀಗಾಯ್ತು", "ಅಮ್ಮ ಕೆಲಸಕ್ಕೆ ಹೋಗ್ತಾಳೆ, ಮಗು ಹತ್ರ ಮಾತಾಡೋರೇ ಇಲ್ಲ." ಮೊಬೈಲ್ ಜಾಸ್ತಿಯಾದರೆ ಮಾತು ಕಲಿಯೋದಕ್ಕೆ ಒಳ್ಳೆಯದಲ್ಲ, ನಿಜ. ಆದರೆ ಆಟಿಸಂ ಸಾಕಿದ ರೀತಿಯಿಂದ ಬರುವಂಥದ್ದಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ, ಬಹುಪಾಲು ಹುಟ್ಟುವ ಮೊದಲೇ, ಅದು ಶುರುವಾಗಿರುತ್ತೆ. ಅಮ್ಮನ ಮೇಲೆ ತಪ್ಪು ಹೊರಿಸೋದು ಹಳೇ ಚಾಳಿ. 1950-60ರ ದಶಕಗಳಲ್ಲಿ ಪಂಡಿತರೇ "ರೆಫ್ರಿಜರೇಟರ್ ಮದರ್" ಅಂತ ಹೆಸರಿಟ್ಟು, ಅಮ್ಮನ ಪ್ರೀತಿ ತಣ್ಣಗಿರೋದೇ ಕಾರಣ ಅಂತಿದ್ದರು. ಇದನ್ನು ಗಟ್ಟಿಯಾಗಿ ಎದುರಿಸಿದ್ದು ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು, 1964ರಲ್ಲಿ. ಅವರ ಮಗನಿಗೇ ಆಟಿಸಂ ಇತ್ತು. 1977ರಲ್ಲಿ ಅವಳಿ ಮಕ್ಕಳ 21 ಜೋಡಿಗಳನ್ನು ನೋಡಿದ ಒಂದು ಅಧ್ಯಯನ ಇದರಲ್ಲಿ ವಂಶವಾಹಿಯ ಪಾತ್ರ ದೊಡ್ಡದು ಅಂತ ತೋರಿಸಿತು. ಅಷ್ಟೊತ್ತಿಗೆ ಎಷ್ಟು ಅಮ್ಮಂದಿರು ತಾವೇ ಮಗುವನ್ನು ಹಾಳು ಮಾಡಿದೆವು ಅಂತ ಕೊರಗಿದ್ದರೋ! ಲಸಿಕೆಯಿಂದ ಆಟಿಸಂ ಬರುತ್ತೆ ಅನ್ನೋ ಕಥೆಯೂ ಅಷ್ಟೇ. ಆ ಭಯ ಹಬ್ಬಿಸಿದ, 1998ರಲ್ಲಿ ಬರೀ 12 ಮಕ್ಕಳನ್ನು ಇಟ್ಟುಕೊಂಡು ಬರೆದ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ಸರಿ, ಹಾಗಾದರೆ ನಾವು ಏನು ಮಾಡಬಹುದು?

ಜ್ವರ ಬಿಟ್ಟ ಮೇಲೆ ನಾನೊಂದು ನೋಟ್‌ಬುಕ್ ತಂದು ತಂಗಿಯ ಮುಂದೆ ಇಟ್ಟೆ. "ಅವನು ಏನು ಅಂದ್ರೆ ಏನರ್ಥ, ಬರೆದುಕೊಡು" ಅಂದೆ. ಅವಳು ಮೊದಲು ನಕ್ಕಳು, ಆಮೇಲೆ ಬರೆಯುತ್ತಾ ಕೂತಳು. ಎರಡು ಪುಟ ತುಂಬಿತು. "ನೀರು ಬೇಕಾ – ನೀರು ಕೊಡು." "ಅಯ್ಯೋ ಬಿದ್ದೋಯ್ತಾ – ಎಲ್ಲಾದರೂ ನೋವಾಗಿದೆ, ಬೀಳದಿದ್ದರೂ ಹೀಗೇ ಅಂತಾನೆ." "ಎರಡೂ ಕಿವಿ ಮುಚ್ಚಿಕೊಂಡರೆ – ಶಬ್ದ ತಡೆಯೋಕಾಗ್ತಿಲ್ಲ, ಬೇರೆ ರೂಮಿಗೆ ಕರ್ಕೊಂಡು ಹೋಗು, ಪ್ರಶ್ನೆ ಕೇಳಬೇಡ." ಕೊನೆಯ ಆ ಎರಡು ಪದದ ಕೆಳಗೆ ಗೆರೆ ಎಳೆದಿದ್ದಳು.

ಚಿತ್ರದ ಕಾರ್ಡುಗಳನ್ನು ಬಳಸೋದನ್ನೂ ಕಲಿತೆ. ಬೇಕಾದ ವಸ್ತುವಿನ ಚಿತ್ರ ತಂದು ನಮ್ಮ ಕೈಗೆ ಕೊಟ್ಟರೆ ತಕ್ಷಣ ಆ ವಸ್ತು ಕೊಡಬೇಕು. 1985ರಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಎಂಬ ಇಬ್ಬರು ರೂಪಿಸಿದ ಪದ್ಧತಿ ಇದು. ಕಾರ್ಡ್ ಕೊಟ್ಟರೆ ಮಗು ಮಾತು ಕಲಿಯೋದನ್ನೇ ಬಿಟ್ಟುಬಿಡುತ್ತೆ ಅಂತ ನಾನೂ ಹೆದರಿದ್ದೆ. ಹಾಗಾಗಲ್ಲ. ಇದನ್ನೇ ಪರೀಕ್ಷಿಸಿದ ಅಧ್ಯಯನಗಳಲ್ಲಿ ಮಾತು ಕಡಿಮೆಯಾಗಿದ್ದು ಕಂಡಿಲ್ಲ, ಎಷ್ಟೋ ಮಕ್ಕಳಲ್ಲಿ ಸ್ವಲ್ಪ ಜಾಸ್ತಿಯೇ ಆಗಿದೆ. ಕೇಳಿದ್ದು ಸಿಗುತ್ತೆ ಅಂತ ಮಗುವಿಗೆ ನಂಬಿಕೆ ಬಂದರೆ ಅರ್ಧ ರಂಪಾಟ ಅಲ್ಲೇ ನಿಲ್ಲುತ್ತೆ, ಇದು ನಾನು ಕಣ್ಣಾರೆ ಕಂಡದ್ದು.

ನನಗೆ ಕಷ್ಟವಾಗಿದ್ದು ಕಾಯೋದು. ಏನಾದರೂ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸು, ಮಧ್ಯೆ ಮತ್ತೆ ಕೇಳಬೇಡ ಅಂತ ಥೆರಪಿಸ್ಟ್ ಹೇಳಿಕೊಟ್ಟಿದ್ದರು. ಹತ್ತು ಎಣಿಸೋದು ಎಷ್ಟು ಉದ್ದ ಅಂತ ಮಾಡಿ ನೋಡಿದರೇ ಗೊತ್ತಾಗೋದು. ಏಳು, ಎಂಟಕ್ಕೆ ಅವನ ಕಣ್ಣು ಕಾರ್ಡಿನ ಕಡೆ ಹೋಗುತ್ತೆ. ಅದಕ್ಕೆ ಮುಂಚೆ ನಾನು ಬಾಯಿ ಹಾಕಿದರೆ ಅವನು ಮತ್ತೆ ಮೊದಲಿಂದ ಶುರು ಮಾಡಬೇಕು.

"ಮುಂದೆ ಮಾತು ಬರುತ್ತಾ?" ಅಂತ ಎಲ್ಲರೂ ಅವಳನ್ನು ಕೇಳ್ತಾರೆ. ಅವಳೂ ರಾತ್ರಿ ಅದನ್ನೇ ಕೇಳಿಕೊಳ್ಳುತ್ತಾಳೆ, ಅಲ್ವಾ? 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಾಲ್ಕು ವರ್ಷಕ್ಕೂ ಮಾತಿನಲ್ಲಿ ತುಂಬಾ ಹಿಂದಿದ್ದ, ಆಟಿಸಂ ಇರುವ 535 ಮಕ್ಕಳ ವಿವರ ಇದೆ. ಎಂಟು ವರ್ಷ ಅಥವಾ ಅದಕ್ಕಿಂತ ದೊಡ್ಡವರಾಗುವ ಹೊತ್ತಿಗೆ ಶೇ. 70ರಷ್ಟು ಮಕ್ಕಳು ಪದಗಳನ್ನು ಜೋಡಿಸಿ ಮಾತಾಡುತ್ತಿದ್ದರು, ಶೇ. 47ರಷ್ಟು ಮಕ್ಕಳು ಸರಾಗವಾಗಿ ಮಾತಾಡುತ್ತಿದ್ದರು. ಈ ಲೆಕ್ಕ ಓದಿ ನನಗೆ ಧೈರ್ಯ ಬಂತು. ಆಮೇಲೆ ಉಳಿದ ಶೇ. 30 ಮಕ್ಕಳ ಅಪ್ಪ ಅಮ್ಮ ನೆನಪಾದರು. ಅವರ ಶ್ರಮ ಏನು ಕಡಿಮೆ ಇತ್ತಾ? ಮಾತು ಬಂದರೆ ಮಾತ್ರ ಗೆದ್ದ ಹಾಗೆ ಅಂತ ನಾವು ಅಂದುಕೊಂಡರೆ ಅವರಿಗೆ ದೊಡ್ಡ ಅನ್ಯಾಯ. ಕಾರ್ಡಿನಲ್ಲೋ, ಟ್ಯಾಬ್‌ನಲ್ಲೋ, ಸನ್ನೆಯಲ್ಲೋ ತನಗೆ ನೋವಾಗಿದೆ ಅಂತ ಹೇಳಬಲ್ಲ ಮಗು ಮಾತಾಡುವ ಮಗುವೇ.

ಅಪ್ಪಂದಿರನ್ನು ಯಾರೂ ವಿಚಾರಿಸೋದೇ ಇಲ್ಲ. ನನ್ನ ತಂಗಿಯ ಗಂಡ ಒಂದು ದಿನ ನೋಟ್‌ಬುಕ್ ತೆಗೆದು ನೋಡಿ, "ಇದರಲ್ಲಿ ಅರ್ಧ ನನಗೂ ಗೊತ್ತಿರಲಿಲ್ಲ ಅತ್ತಿಗೆ" ಅಂದರು. ಬೇಜಾರಿನಿಂದ ಹೇಳಿದ ಮಾತು ಅದು. ಆಮೇಲೆ ಅದರ ಫೋಟೋ ತೆಗೆದುಕೊಂಡರು.

ಈಗ ಪ್ರತಿ ಭಾನುವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ಅವನು ನನ್ನ ಜೊತೆ ಇರುತ್ತಾನೆ. ತಂಗಿ ನಿದ್ದೆ ಮಾಡುತ್ತಾಳೆ. ಮೊದಮೊದಲು ಬಾಗಿಲ ಹಿಂದೆ ಎದ್ದೇ ಕೂತಿರುತ್ತಿದ್ದಳು, ನನಗೆ ಗೊತ್ತಾಗ್ತಿತ್ತು. ನಾಲ್ಕನೇ ವಾರ ನಿಜವಾಗಿ ಮಲಗಿದಳು.

ಹೋದ ಭಾನುವಾರ ಜೋರು ಮಳೆ. ಅವನು ಮತ್ತೆ ಮತ್ತೆ ಕಿಟಕಿ ಹತ್ತಿರ ಹೋಗಿ ಗಾಜಿನ ಮೇಲೆ ಎರಡು ಸಲ ತಟ್ಟಿ ನನ್ನ ಕಡೆ ನೋಡುತ್ತಿದ್ದ. ಏನೂ ತಿಳಿಯಲಿಲ್ಲ. ಹತ್ತು ಎಣಿಸಿದೆ. ಮತ್ತೆ ತಟ್ಟಿದ, ಬಾಗಿಲ ಹತ್ತಿರ ಹೋಗಿ ಚಪ್ಪಲಿ ನೋಡಿದ. ಆಗ ಹೊಳೆಯಿತು. "ಇನ್ನೂ ನಿಂತಿಲ್ಲ ಪುಟ್ಟ, ನಿಂತ ಮೇಲೆ ಹೋಗೋಣ" ಅಂದೆ. ಬಂದು ನನ್ನ ಪಕ್ಕ ಕೂತ. ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ: "ಗಾಜು ಎರಡು ಸಲ ತಟ್ಟಿದರೆ – ಮಳೆ ನಿಲ್ತಾ ಅಂತ ಕೇಳ್ತಿದ್ದಾನೆ."

ತಂಗಿ ಎದ್ದು ಬಂದು ಓದಿದಳು. "ಇದು ನನಗೇ ಗೊತ್ತಿರಲಿಲ್ಲ ಅಕ್ಕ" ಅಂದಳು.